ಅಪ್ಪನ ಅಂಗಾಲು ಮತ್ತು ಸಕ್ಕರೆಯ ಬಾಗಿಲು

ಹೊಗೆಸೊಪ್ಪು ಬೇಯುವ ವಾಸನೆ ಗೊತ್ತಿಲ್ಲದವರಿಗೆ ಅದನ್ನು ಹೇಗೆ ಹೇಳುವುದೋ ನನಗೆ ಇವತ್ತಿಗೂ ತಿಳಿಯದು. ಹಸಿ ಹುಲ್ಲು, ಬೆಲ್ಲದ ಪಾಕ, ಸೌದೆಯ ಹೊಗೆ ಮೂರೂ ಕಲೆತು ಒಂದಾದ ಹಾಗೆ ಇರುತ್ತದೆ. ಆಗಸ್ಟ್ ಬಂತೆಂದರೆ ಗಾವಡಗೆರೆ ಕಡೆಯ ನಮ್ಮೂರಿನ ಮೇಲೆ ಆ ವಾಸನೆ ಬಂದು ಕೂರುತ್ತಿತ್ತು, ದೀಪಾವಳಿ ಕಳೆದರೂ ಏಳುತ್ತಿರಲಿಲ್ಲ. ಒಗೆದ ಬಟ್ಟೆಯಲ್ಲಿ, ತಲೆಗೂದಲಲ್ಲಿ, ಹಾಸಿಗೆಯಲ್ಲಿ ಎಲ್ಲೆಲ್ಲೂ ಅದೇ. ಮೈಸೂರಿನ ಹಾಸ್ಟೆಲಿನಲ್ಲಿ ನಾನು ಊರಿನಿಂದ ಬಂದು ಬ್ಯಾಗಿನ ಜಿಪ್ ಎಳೆದ ಕೂಡಲೇ ಕೋಣೆಯ ಹುಡುಗಿಯರು ಮೂಗು ಮುಚ್ಚಿಕೊಂಡು ಓಡುತ್ತಿದ್ದರು. ಓಡಲಿ ಬಿಡಿ, ನನಗೆ ಮಾತ್ರ ಮನೆಯೇ ಜೊತೆಗೆ ಬಂದ ಹಾಗಾಗುತ್ತಿತ್ತು. ಈಗ ಬೇಕೆಂದರೂ ಆ ವಾಸನೆ ನನಗೆ ಸಿಗುವುದಿಲ್ಲ.

ನಮ್ಮ ಹಿತ್ತಲು ದಾಟಿದರೆ ಬ್ಯಾರನ್. ಹೊಗೆಸೊಪ್ಪು ಬೇಯಿಸುವ ಆ ಎತ್ತರದ ಮಣ್ಣುಗೋಡೆಯ ಕೋಣೆಗೆ ನಮ್ಮಲ್ಲಿ ಬೇರೆ ಹೆಸರಿಲ್ಲ. ಹೊರಗಿನ ಒಲೆಗೆ ಸೌದೆ ಒಟ್ಟಿದರೆ ಒಳಗೆ ನೆಲದ ಮೇಲೆ ಹಾಯ್ದ ತಗಡಿನ ಕೊಳವೆಗಳು ಕಾಯುತ್ತವೆ. ಮೇಲೆ ಕಡ್ಡಿಗೆ ಕಟ್ಟಿ ಸಾಲುಸಾಲಾಗಿ ತೂಗುಹಾಕಿದ ಎಲೆ ಮೊದಲು ಹಳದಿಗೆ ತಿರುಗಬೇಕು, ಆಮೇಲೆ ಒಣಗಬೇಕು. ಶಾಖ ಕೊಂಚ ಮುಂಚೆ ಏರಿತೋ, ಹಳದಿಯಾಗಬೇಕಾದ ಎಲೆ ಕಂದಿ ಹಾಳಾಗುತ್ತದೆ. ಊರಿನವರೆಲ್ಲ ಒಳಗೆ ಥರ್ಮಾಮೀಟರ್ ತೂಗುಹಾಕಿ, ಗೋಡೆಯ ಗಾಜಿನ ಕಿಂಡಿಯಿಂದ ಇಣುಕಿ ನೋಡಿ ಸೌದೆ ಹಾಕುತ್ತಿದ್ದರು. ನಮ್ಮ ಬ್ಯಾರನ್ನಿನಲ್ಲೂ ಒಂದು ತೂಗುತ್ತಿತ್ತು, ಆದರೆ ಅದು ನೋಡಲು ಬಂದವರ ಬಾಯಿ ಮುಚ್ಚಿಸುವುದಕ್ಕೆ ಮಾತ್ರ. ಅಪ್ಪ ಕೆಳಗಿನ ಬಾಗಿಲನ್ನು ಒಂದಿಷ್ಟೇ ಸರಿಸಿ, ಬಲಗಾಲಿನ ಚಪ್ಪಲಿ ಬಿಟ್ಟು, ಬರಿಯ ಅಂಗಾಲನ್ನು ಕೊಳವೆಯ ಪಕ್ಕದ ನೆಲಕ್ಕೆ ಊರಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಆಮೇಲೆ "ಇನ್ನೊಂದ್ ತುಂಡು ಆಕು" ಅನ್ನುತ್ತಿದ್ದ, ಇಲ್ಲವೇ "ಸುಮ್ಕಿರು, ಅದ್ರ ಪಾಡ್ಗೆ ಅದು ಬೇಯ್ಲಿ" ಅನ್ನುತ್ತಿದ್ದ. ಅವನ ಎಲೆ ನಿಂಬೆಹಣ್ಣಿನ ಬಣ್ಣಕ್ಕೆ ಬರುತ್ತಿತ್ತು.

ಇದು ಸುತ್ತಲ ಊರಿಗೆಲ್ಲ ಗೊತ್ತಿತ್ತು. ಯಾರ ಬ್ಯಾರನ್ನಿನಲ್ಲಾದರೂ ಎಲೆ ಹಠ ಹಿಡಿದರೆ ಸೈಕಲ್ಲು ನಮ್ಮ ಮನೆ ಮುಂದೆ ಬಂದು ನಿಲ್ಲುತ್ತಿತ್ತು. "ಅಣ್ಣೋ, ಒಸಿ ಬಂದು ಕಾಲಿಟ್ ನೋಡಣ್ಣ." ಆಗ ಅಪ್ಪನ ಬಿಂಕ ನೋಡಬೇಕಿತ್ತು! ಮೈಮೇಲೆ ಟವೆಲು ಹಾಕಿಕೊಂಡು, ಮಾತಿಲ್ಲದೆ ಸೈಕಲ್ಲಿನ ಹಿಂದೆ ಕೂರುತ್ತಿದ್ದ. ಅವ್ವ ಒಳಗಿನಿಂದ ನನ್ನನ್ನು ಕೂಗಿ, "ನಿಮ್ಮಪ್ಪನ ಪಾದಪೂಜೆಗೆ ಬಂದವ್ರೆ, ಒಂದ್ ಚೊಂಬು ನೀರ್ ತಕ್ಕೊಂಡೋಗವ್ವ" ಎಂದು ಅವನಿಗೆ ಕೇಳುವ ಹಾಗೇ ಅನ್ನುತ್ತಿದ್ದಳು. ಅವನು ಕೇಳಿಸಿಕೊಳ್ಳದವನ ಹಾಗೆ ಇರುತ್ತಿದ್ದ.

ನಾನು ಮೈಸೂರಿನಲ್ಲಿ ಸಂಶೋಧನೆಗೆ ಸೇರಿದ್ದು ತೊಂಬತ್ತರ ದಶಕದ ಕೊನೆಯಲ್ಲಿ. ವಿಷಯ ಲಿಪಿಡ್ ಕೈನೇಸ್ ಎಂಬ ಕಿಣ್ವ. ಊರಿನಲ್ಲಿ ಯಾರಾದರೂ ಕೇಳಿದರೆ "ಜೀವಕೋಶದ್ದು" ಎಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಅಪ್ಪ ಬಿಡುವವನಲ್ಲ. ಒಂದು ಸಂಜೆ ಜಗುಲಿಯ ಮೇಲೆ ಎಲೆ ಕಟ್ಟುತ್ತಾ ಕೂತಿದ್ದಾಗ ಪಟ್ಟು ಹಿಡಿದ.

"ಜೀವಕೋಶಕ್ಕೆ ಎಣ್ಣೆಯಂಥ ತೆಳ್ಳನೆ ಪೊರೆ ಇರ್ತದೆ ಕಣಪ್ಪ" ಎಂದೆ. "ಆ ಪೊರೆ ಒಳಮೈನಲ್ಲಿ ಒಂದು ಜಾತಿ ಕೊಬ್ಬು. ಅದ್ರ ತಲೆ ಆರು ಮೂಲೆಯ ಉಂಗುರ. ಅದ್ರ ಒಂದು ಮೂಲೆಗೆ ಫಾಸ್ಫೇಟ್ ಅಂಟಿಸೋದೇ ಈ ಲಿಪಿಡ್ ಕೈನೇಸ್ ಕೆಲಸ."

"ಫಾಸ್ಫೇಟಾ? ನಾವು ಒಲಕ್ಕೆ ಆಕ್ತೀವಲ್ಲ, ಆ ಗೊಬ್ರವಾ?"

"ಊಂ, ಅದೇ ಜಾತಿ ಅಂದ್ಕೋ."

"ಅದ್ನ ಅಂಟಿಸ್ದ್ರೆ ಏನಾಯ್ತದೆ?"

"ಒಂದು ಗುರುತಾಯ್ತದೆ."

ಅಪ್ಪ ಅವ್ವನ ಕಡೆ ತಿರುಗಿದ. "ಕೇಳ್ದೇನೇ? ನಿನ್ ಮಗ್ಳು ಉಂಗುರಕ್ಕೆ ಗೊಬ್ರ ಆಕೋದ್ನ ನೋಡಕ್ಕೆ ಮೈಸೂರ್ಗೆ ಓಗವ್ಳೆ."

ಮೂವರೂ ನಕ್ಕೆವು. ನನಗೆ ಒಳಗೊಳಗೇ ಉರಿಯಿತು, ಸುಳ್ಳೇಕೆ ಹೇಳಲಿ. ಏಕೆಂದರೆ ಜೀವಕೋಶದ ಒಳಗಿನ ಸಂತೆಯೆಲ್ಲ ನಡೆಯುವುದು ಆ ಗುರುತಿನ ಮೇಲೆ. ಕೋಶದೊಳಗೆ ಸಾಮಾನು ತುಂಬಿದ ಸಣ್ಣ ಸಣ್ಣ ಗುಳ್ಳೆಗಳು ಒಂದು ಪೊರೆಯಿಂದ ಇನ್ನೊಂದು ಪೊರೆಗೆ ಓಡಾಡುತ್ತಲೇ ಇರುತ್ತವೆ. ಯಾವುದು ಎಲ್ಲಿಗೆ ಹೋಗಬೇಕು, ಎಲ್ಲಿ ಇಳಿಯಬೇಕು ಎಂದು ತಿಳಿಯುವುದು ಪೊರೆಯ ಕೊಬ್ಬಿನ ಮೇಲೆ ಹಚ್ಚಿದ ಫಾಸ್ಫೇಟಿನಿಂದ. ಒಂದೊಂದು ಪೊರೆಗೂ ಒಂದೊಂದು ಗುರುತು, ಒಂದೊಂದು ಗುರುತು ಹಚ್ಚುವುದಕ್ಕೂ ಒಂದೊಂದು ಕೈನೇಸ್. ಹೊರಗಿನಿಂದ ಬಂದ ಸುದ್ದಿ ಒಳಗೆ ಹರಡುವುದೂ ಹೀಗೆಯೇ. ಇನ್ಸುಲಿನ್ ಕೋಶದ ಒಳಕ್ಕೆ ಬರುವುದೇ ಬೇಡ, ಹೊರಗೆ ನಿಂತು ಪೊರೆಯನ್ನು ಮುಟ್ಟಿದರೆ ಸಾಕು. ಒಳಮೈಯಲ್ಲಿರುವ ಕೈನೇಸ್ ಎಚ್ಚೆತ್ತು ಗುರುತು ಹಚ್ಚುತ್ತದೆ, ಆ ಗುರುತಿನಿಂದ ಹೊರಟ ಸುದ್ದಿ ಒಳಗೆ ಗುಳ್ಳೆಗಳಲ್ಲಿ ಇಟ್ಟಿರುವ ಸಕ್ಕರೆಯ ಬಾಗಿಲುಗಳನ್ನು, ಅಂದರೆ ಸಕ್ಕರೆಯನ್ನು ಒಳಗೆ ಬಿಟ್ಟುಕೊಳ್ಳುವ ಪ್ರೋಟೀನುಗಳನ್ನು, ಮುಟ್ಟುತ್ತದೆ, ಅವು ಮೇಲಕ್ಕೆ ಬಂದು ಪೊರೆಯಲ್ಲಿ ಕೂರುತ್ತವೆ. ಆಗ ರಕ್ತದ ಸಕ್ಕರೆ ಒಳಗೆ ಹೋಗುತ್ತದೆ. ನಾನು ದಿನವೆಲ್ಲ ನೋಡುತ್ತಿದ್ದದ್ದು ಇದನ್ನೇ.

ತಮಾಷೆ ನೋಡಿ, ಈ ಸುದ್ದಿ ಸರಿಯಾಗಿ ಮುಟ್ಟದೆ ಬರುವ ಸಕ್ಕರೆ ಕಾಯಿಲೆ ಅಪ್ಪನಿಗೇ ಇತ್ತು. ಹುಣಸೂರಿನ ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನು ನೆನಪಾದಾಗ ನುಂಗುತ್ತಿದ್ದ. ಟೀಗೆ ಬೆಲ್ಲ ಹಾಕಿಸಿಕೊಂಡು ಸೊರ ಸೊರ ಕುಡಿಯುತ್ತಿದ್ದ. ಬೈದರೆ, "ಡಾಕ್ಟ್ರು ಬ್ಯಾಡ ಅಂದಿದ್ದು ಸಕ್ರೇನ. ಇದು ಬೆಲ್ಲ ಕಣವ್ವ" ಅನ್ನುತ್ತಿದ್ದ. ಇಂಥವನಿಗೆ ಏನು ಹೇಳುವುದು?

ನಾನು ಸಂಶೋಧನೆಗೆ ಸೇರಿದ ಮೂರನೆಯ ವರ್ಷ ಬೆಳೆ ಸೊಗಸಾಗಿತ್ತು. ಮೊದಲ ಸಲ ಕೊಯ್ದ ಎಲೆಯನ್ನು ಬ್ಯಾರನ್ನಿಗೆ ತುಂಬಿ ಒಲೆ ಹಚ್ಚಿದ್ದರು. ಮುಂದಿನದನ್ನು ಅವ್ವ ಹೇಳಿದ ಹಾಗೆ ಹೇಳುತ್ತೇನೆ. ಮಧ್ಯಾಹ್ನ ಅಪ್ಪ ಎಂದಿನಂತೆ ಅಂಗಾಲು ಊರಿ ನಿಂತು, "ಒಲೆ ತಣ್ಗಾಗ್ಬುಟ್ಟದೆ, ಸೌದೆ ಆಕು" ಎಂದ. ಅವ್ವ ಹಾಕಿದಳು. ಮತ್ತೆ ಕಾಲಿಟ್ಟ, ಮತ್ತೆ ಹಾಕು ಎಂದ. ಅವಳು ಒಲೆಯ ಮುಂದೆ ಬೆವರಿ ತೊಪ್ಪೆಯಾಗಿದ್ದಳು. "ಮಖ ಸುಡ್ತಾ ಅದೆ, ಸಾಕು ಬುಡಿ" ಎಂದರೆ, "ನೀನ್ ಒಲೆ ಮುಂದೆ ಇದೀಯ, ನಿಂಗೆ ಅಂಗೇ ಅನ್ಸೋದು. ನನ್ ಕಾಲು ಸುಳ್ಳೇಳ್ತದಾ?" ಎಂದು ಗದರಿ, ಮತ್ತೆ ಕಾಲಿಟ್ಟು ಈ ಸಲ ಬಹಳ ಹೊತ್ತು ನಿಂತಿದ್ದ. ಕಿಂಡಿಯಿಂದ ಥರ್ಮಾಮೀಟರ್ ನೋಡುವ ಬುದ್ಧಿ ಇಬ್ಬರಿಗೂ ಬರಲಿಲ್ಲ. ಅದನ್ನು ನೋಡುವ ಪದ್ಧತಿಯೇ ಮನೆಯಲ್ಲಿ ಇರಲಿಲ್ಲವಲ್ಲ. ಬಾಗಿಲು ತೆಗೆದಾಗ ಬ್ಯಾರನ್ನಿನ ಎಲೆಯೆಲ್ಲ ಸೀದ ರೊಟ್ಟಿಯ ಬಣ್ಣಕ್ಕೆ ತಿರುಗಿತ್ತು.

ಅಷ್ಟೇ ಆಗಿದ್ದರೆ ಹೋಗಲಿ ಎನ್ನಬಹುದಿತ್ತು. ಮಾರನೆಯ ಬೆಳಿಗ್ಗೆ ಅವ್ವ ಸಾರಿಸಿದ ಅಂಗಳದಲ್ಲಿ ಒದ್ದೆ ಕಲೆ ಕಂಡಳು. ಒಂದು ಹೆಜ್ಜೆ ಬಿಟ್ಟು ಒಂದು ಹೆಜ್ಜೆಗೆ, ಬಲಗಾಲಿನದು ಮಾತ್ರ. ಓಡಿಹೋಗಿ ಅಪ್ಪನ ಪಾದ ಎತ್ತಿ ನೋಡಿದರೆ ಅಂಗಾಲಿನ ತುಂಬಾ ಬೊಬ್ಬೆ ಎದ್ದು ಒಡೆದು, ಚರ್ಮ ಜೋತಾಡುತ್ತಿತ್ತು. "ಅಯ್ಯೋ ನನ್ ಶಿವ್ನೇ, ನೋಯಲ್ವಾ?" ಎಂದು ಅವಳು ಕಿರುಚಿದರೆ, ಅಪ್ಪ ಬಗ್ಗಿ ತನ್ನ ಕಾಲನ್ನೇ ಬೇರೆ ಯಾರದೋ ಕಾಲಿನ ಹಾಗೆ ನೋಡಿದನಂತೆ. ಅವ್ವ ಗಾವಡಗೆರೆಯ ಎಸ್‌ಟಿಡಿ ಬೂತಿಗೆ ಹೋಗಿ ಹಾಸ್ಟೆಲಿಗೆ ಫೋನು ಮಾಡಿದಳು. "ನಿಮ್ಮಪ್ಪನ ಕಾಲಿಗೆ ಬೆಂಕಿನೇ ಗೊತ್ತಾಯ್ತಿಲ್ಲ ಕಣವ್ವ, ಬಾ" ಎಂದಳು. ಸಿಕ್ಕಿದ ಬಸ್ಸು ಹತ್ತಿ ಊರಿಗೆ ಹೋದೆ.

ಹುಣಸೂರಿನ ಡಾಕ್ಟರು ಅಪ್ಪನಿಗೆ ಮುಖ ಆಚೆ ತಿರುಗಿಸಲು ಹೇಳಿ, ಕಾಲನ್ನು ಪಿನ್ನಿನಿಂದ ಕೆಳಗಿನಿಂದ ಮೇಲಕ್ಕೆ ಚುಚ್ಚುತ್ತಾ ಬಂದರು. ಗೊತ್ತಾದಾಗ ಊಂ ಅನ್ನಿ ಎಂದಿದ್ದರು. ಪಾದ ಮುಗಿಯಿತು, ಅಪ್ಪ ಸುಮ್ಮನೆ ಕೂತಿದ್ದ. ಕಣಕಾಲು ದಾಟಿ ಮೇಲೆ ಬಂದ ಮೇಲೆಯೇ "ಊಂ" ಅಂದದ್ದು. ನಾನು ಗೋಡೆಯ ಕಡೆ ತಿರುಗಿ ಸೆರಗಿನಿಂದ ಮೂಗು ಒರೆಸಿಕೊಂಡೆ. ಸಕ್ಕರೆ ವಿಪರೀತ ಏರಿದೆ, ನರ ಸತ್ತಿದೆ, ಮಾತ್ರೆಗೆ ಇನ್ನು ಬಗ್ಗುವುದಿಲ್ಲ, ಇನ್ಸುಲಿನ್ ಶುರು ಮಾಡಲೇಬೇಕು, ಇಲ್ಲದಿದ್ದರೆ ಗಾಯ ಮಾಯುವುದಿಲ್ಲ, ಕಾಲನ್ನೇ ತೆಗೆಯಬೇಕಾದೀತು ಎಂದರು.

"ಸೂಜಿ ಮಾತ್ರ ಬ್ಯಾಡ ಸಾರ್" ಎಂದು ಅಪ್ಪ ಎದ್ದು ನಿಂತ.

ಅವನ ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ. ನಮ್ಮೂರಿನಲ್ಲಿ ಸಕ್ಕರೆ ಕಾಯಿಲೆಗೆ ಸೂಜಿ ಹಾಕಿಸಿಕೊಂಡವರೆಲ್ಲ ಕಾಲು ಕಳೆದುಕೊಂಡವರೇ, ಆಮೇಲೆ ಬೇಗನೆ ಹೋದವರೇ. ಎಲ್ಲರೂ ಕಾಲು ಕೊಳೆತ ಮೇಲೆಯೇ ಸೂಜಿಗೆ ಒಪ್ಪುತ್ತಿದ್ದರು. ಆದ್ದರಿಂದ ಕಾಲು ಹೋಗುವುದು ಸೂಜಿಯಿಂದಲೇ ಎಂದು ಊರು ತೀರ್ಮಾನ ಮಾಡಿಬಿಟ್ಟಿತ್ತು. ನಾನು ಬಸ್ಸಿನಲ್ಲಿ ಹೇಳಿದೆ, ಮನೆಯಲ್ಲಿ ಹೇಳಿದೆ, ಕೊನೆಗೆ ಕಿರುಚಿದೆ. "ನಮ್ಮ ಲ್ಯಾಬಿನ ಇಲಿಗಳೂ ನಿನ್ನಷ್ಟು ಹಠ ಮಾಡಲ್ಲ ಕಣಪ್ಪ!"

"ಅವುಕ್ಕೆ ಬಾಯಿಲ್ಲ, ಅದ್ಕೆ" ಎಂದು ಅಪ್ಪ ಗೋಡೆಗೆ ಮುಖ ಮಾಡಿ ಮಲಗಿದ.

ನಾನು ರಜೆ ಹಾಕಿ ಊರಿನಲ್ಲೇ ಉಳಿದೆ. ಅವ್ವ ದಿನವೂ ಗಾಯ ತೊಳೆದು ಬಟ್ಟೆ ಸುತ್ತುತ್ತಿದ್ದಳು, ಗಾಯ ಇದ್ದ ಹಾಗೇ ಇತ್ತು. ಎಲೆ ಸುಟ್ಟ ಸುದ್ದಿ ಆಗಲೇ ಹರಡಿತ್ತು. ಎಲ್ಲೆಡೆ ಬ್ಯಾರನ್ನುಗಳು ಉರಿಯುತ್ತಿದ್ದವು, ನಮ್ಮ ಮನೆ ಮುಂದೆ ಒಂದು ಸೈಕಲ್ಲೂ ನಿಲ್ಲಲಿಲ್ಲ. ಅಪ್ಪ ಜಗುಲಿಯ ಮೇಲೆ ರಸ್ತೆಗೆ ಮುಖ ಮಾಡಿ ಕೂತಿರುತ್ತಿದ್ದ.  ನನಗೆ ನನ್ನ ಮೇಲೇ ಕೋಪ ಬರುತ್ತಿತ್ತು. ಸೆಮಿನಾರುಗಳಲ್ಲಿ ಇನ್ಸುಲಿನ್ನಿನ ಕತೆ ಹೇಳಬಲ್ಲ ನಾನು, ಹೆತ್ತಪ್ಪನಿಗೆ ಹೇಳಲಾರದೆ ಕೂತಿದ್ದೆನಲ್ಲ!

ಒಂದು ಬೆಳಿಗ್ಗೆ ಅವನೇ ಬಾಯಿ ಬಿಟ್ಟ. "ಆ ಮದ್ದು ಒಳಕ್ಕೋಗಿ ಏನ್ ಮಾಡ್ತದೆ ಅಂತ ನಿಂಗೆ ಗೊತ್ತಾ?"

"ಗೊತ್ತು. ದಿನಾ ನೋಡ್ತೀನಿ."

"ಕಣ್ಣಲ್ಲಿ ನೋಡ್ತೀಯಾ?"

"ಕಣ್ಣಲ್ಲೇ."

"ಅಂಗಾದ್ರೆ ನಂಗೂ ತೋರ್ಸು. ನನ್ ಕಣ್ಗೆ ಕಂಡ್ರೆ ಆಕ್ಸ್ಕತೀನಿ. ಮಾತು ಕೊಟ್ಟೆ."

ನನ್ನ ಗೈಡ್ ಒಳ್ಳೆಯವರು. ನಾನು ಮೈಸೂರಿಗೆ ಹೋಗಿ ವಿಷಯ ಹೇಳಿದಾಗ, "ಭಾನುವಾರ ಕರೆದುಕೊಂಡು ಬಾಮ್ಮ, ಯಾರೂ ಇರುವುದಿಲ್ಲ" ಎಂದರು. ಅಪ್ಪ ಬಿಳಿ ಪಂಚೆ ಉಟ್ಟು, ಬಟ್ಟೆ ಸುತ್ತಿದ ಕಾಲಿಗೆ ಚಿಕ್ಕಪ್ಪನ ದೊಡ್ಡ ಚಪ್ಪಲಿ ಹಾಕಿಕೊಂಡು ಬಂದ. ಲ್ಯಾಬಿನ ಬಾಗಿಲಲ್ಲಿ ಚಪ್ಪಲಿ ಬಿಡಲು ಹೋದ. ಬೇಡ ಎಂದು ಕೈಹಿಡಿದು ಒಳಗೆ ಕರೆದುಕೊಂಡು ಹೋದೆ. ಕತ್ತಲೆ ಮಾಡಿದ ಪುಟ್ಟ ಕೋಣೆಯಲ್ಲಿ ಮೈಕ್ರೋಸ್ಕೋಪು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೊಬ್ಬಿನ ಕೋಶಗಳು. ಸಮುದ್ರದ ಒಂದು ಪ್ರಾಣಿಯಿಂದ ಬಂದ ಹೊಳೆಯುವ ಪ್ರೋಟೀನನ್ನು ಸಕ್ಕರೆಯ ಬಾಗಿಲಿಗೆ ಅಂಟಿಸಿದ್ದೆವು. ನೀಲಿ ಬೆಳಕು ಬಿಟ್ಟರೆ ಬಾಗಿಲುಗಳು ಹಸಿರಾಗಿ ಮಿನುಗುತ್ತಿದ್ದವು. ಕೋಶಗಳಿಗೆ ಬೆಳಗಿನಿಂದಲೂ ಆಹಾರ ಕೊಟ್ಟಿರಲಿಲ್ಲ ಎಂದೆ.

"ಉಪಾಸ ಕೆಡವಿದೀಯಾ? ಪಾಪ" ಎಂದು ಅಪ್ಪ ಕಣ್ಣಿಟ್ಟ.

ಮೊದಲು ಹಸಿರೆಲ್ಲ ನಡುವೆ ಮುದ್ದೆಯಾಗಿ ಕೂತಿತ್ತು. ನಾನು ಇನ್ಸುಲಿನ್ ಹನಿಸಿದೆ. ಈ ಕೆಲಸಕ್ಕೆ ತಾಳ್ಮೆ ಬೇಕು, ಕಾಲೇಜಿನ ಹುಡುಗರನ್ನು ಕೂರಿಸಿದರೆ ಎರಡು ನಿಮಿಷಕ್ಕೆ ಎದ್ದುಹೋಗುತ್ತಾರೆ. ಎಲೆ ಹಳದಿಯಾಗುವುದನ್ನು ಕಾಯ್ದು ಕಾಯ್ದು ಪಳಗಿದ ಅಪ್ಪ ಮಾತ್ರ ಅಲ್ಲಾಡಲಿಲ್ಲ. ನಾನು ನಡುನಡುವೆ ಇಣುಕಿ, ಬೆಳಕು ಸರಿಮಾಡಿ ಕೊಡುತ್ತಿದ್ದೆ.

"ಒಂಟ್ವು ಕಣವ್ವ" ಎಂದ ಮೆಲ್ಲಗೆ. ಸ್ವಲ್ಪ ಹೊತ್ತಿಗೆ, "ಬಂದ್ವು, ಬಂದ್ವು! ಅಂಚ್ಗೆ ಬಂದು ಕುಂತ್ಕಂಡ್ವು!"

ಕೋಶದ ಅಂಚಿನ ಸುತ್ತ ಹಸಿರು ಬಳೆಯಿಟ್ಟ ಹಾಗೆ ಕಾಣುತ್ತಿತ್ತು. ನಾನು ಎರಡನೆಯ ತಟ್ಟೆ ಇಟ್ಟೆ. ಇದಕ್ಕೂ ಇನ್ಸುಲಿನ್ ಹನಿಸಿದೆ, ಆದರೆ ಅದಕ್ಕೆ ಮೊದಲೇ ಬೂಷ್ಟಿನಿಂದ ತೆಗೆದ ಒಂದು ಮದ್ದು ಹಾಕಿ ಲಿಪಿಡ್ ಕೈನೇಸನ್ನು ಕಟ್ಟಿಹಾಕಿದ್ದೆ. ಅಪ್ಪ ಕಾಯ್ದ, ಕಾಯ್ದ. ಹಸಿರು ಇದ್ದಲ್ಲೇ ಇತ್ತು.

"ಇವ್ಯಾಕೆ ಇಂಗೆ ಕುಂತವೆ? ಇವುಕ್ಕೂ ಮದ್ದು ಆಕ್ದೆ ತಾನೇ?"

"ಹಾಕ್ದೆ. ಸುತ್ತ ಸಕ್ಕರೆನೂ ಬೇಕಾದಷ್ಟು ಇದೆ. ಆದ್ರೆ ಗುರುತು ಹಚ್ಚೋನ್ನ ಕಟ್ಟಾಕಿದೀನಿ. ಒಳಗಿನವಕ್ಕೆ ಸುದ್ದಿನೇ ಮುಟ್ಟಿಲ್ಲ. ಹಸ್ಕೊಂಡೇ ಕೂತಿವೆ."

ಅಪ್ಪ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆದ. ಕತ್ತಲಲ್ಲಿ ಅವನ ಮುಖ ಸರಿಯಾಗಿ ಕಾಣಲಿಲ್ಲ. "ಅಯ್ಯೋ, ಮದ್ವೆ ಮನೆ ಊಟ ಕಣವ್ವ ಇದು" ಎಂದ. ನಮ್ಮ ಕಡೆ ಮದುವೆಗೆ ಮೊದಲೇ ಹೇಳಿದ್ದರೂ, ಅಡುಗೆ ಆದ ಮೇಲೆ ಮನೆಮನೆಗೆ ಹೋಗಿ "ಊಟಕ್ಕೆ ಏಳಿ" ಎಂದು ಇನ್ನೊಮ್ಮೆ ಕರೆಯಬೇಕು. ಕರೆಯುವವನು ಬರದಿದ್ದರೆ ಹೊಟ್ಟೆ ಹಸಿದು ಕೂತಿದ್ದರೂ ಯಾರೂ ಎದ್ದು ಹೋಗುವುದಿಲ್ಲ. "ಅನ್ನ ಸಾರು ರಾಶಿ ಬಿದ್ದದೆ. ಕರ್ಯೋನೇ ಓಗಿಲ್ಲ. ಎಲ್ಲ ಮನೇಲಿ ಕುಂತವ್ರೆ."

"ಹೌದು ಕಣಪ್ಪ. ಅಷ್ಟೇ."

"ನನ್ ಮೈನಲ್ಲೂ ಕರ್ಯೋನ್ನ ಕಟ್ಟಾಕವ್ರಾ?"

"ಕಟ್ಟಾಕಿಲ್ಲ. ನಿನ್ನೋನಿಗೆ ಕಿವಿ ಮಂದ ಆಗಿದೆ. ಮೈ ತಾನಾಗಿ ಕೊಡೋ ಇನ್ಸುಲಿನ್ ಮೆಲ್ಲಗೆ ಹೇಳಿದ್ರೆ ಕೇಳಿಸ್ತಿಲ್ಲ. ಸೂಜೀಲಿ ಇನ್ನೊಂದಿಷ್ಟು ಕೊಟ್ರೆ ಕೇಳಿಸ್ತದೆ."

"ಜೋರಾಗಿ ಕೂಗ್ಬೇಕು ಅನ್ನು."

ಹೊರಗೆ ಬಂದು ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತೆವು. ಅಪ್ಪ ಬಗ್ಗಿ ಕಾಲಿಗೆ ಸುತ್ತಿದ ಬಟ್ಟೆಯ ಗಂಟು ಬಿಗಿ ಮಾಡಿಕೊಂಡ. ಅವನು ಏನು ಕೇಳುತ್ತಾನೆಂದು ನನಗೆ ಗೊತ್ತಿತ್ತು, ಕೇಳದಿರಲಿ ಎಂದು ದೇವರಿಗೆ ಕೈಮುಗಿಯುತ್ತಿದ್ದೆ. ಕೇಳಿಯೇ ಬಿಟ್ಟ. "ಸೂಜಿ ಆಕ್ಸ್ಕಂಡ್ರೆ ಈ ಕಾಲ್ಗೆ ಮತ್ತೆ ಬಿಸಿ ಗೊತ್ತಾಯ್ತದಾ?"

"ಇಲ್ಲ ಕಣಪ್ಪ. ಸತ್ತ ನರ ಮತ್ತೆ ಬರಲ್ಲ. ಕಾಲು ಉಳೀತದೆ. ಅಷ್ಟೇ."

"ಅಂಗಾದ್ರೆ ಬ್ಯಾರನ್ ಕೆಲ್ಸ ಮುಗೀತು ನಂದು."

ನನಗೆ ತಡೆಯಲಾಗಲಿಲ್ಲ, ಅಳು ಬಂದುಬಿಟ್ಟಿತು. ಅಪ್ಪ ಟವೆಲಿನ ತುದಿ ನನ್ನ ಕೈಗೆ ಕೊಟ್ಟ. "ಅಳ್ಬ್ಯಾಡ ಸುಮ್ಕಿರು. ಮಾತು ಕೊಟ್ಟಿವ್ನಿ, ಆಕ್ಸ್ಕತೀನಿ. ನಡಿ, ಬಸ್ಸು ಒಂಟೋಯ್ತದೆ."

ಮನೆಯಲ್ಲಿ ಫ್ರಿಜ್ ಇರಲಿಲ್ಲ. ಅವ್ವ ಅಟ್ಟದಿಂದ ಹಳೆಯ ಮಡಕೆ ಇಳಿಸಿ, ಮರಳು ತುಂಬಿ, ನೀರು ಹಾಕಿ, ಅದರೊಳಗೆ ಪುಟ್ಟ ಡಬ್ಬಿಯಲ್ಲಿ ಔಷಧದ ಸೀಸೆ ಇಟ್ಟು ಒದ್ದೆ ಬಟ್ಟೆ ಮುಚ್ಚಿದಳು. ಮೊದಲ ಸೂಜಿ ನಾನೇ ಹಾಕಬೇಕು, ಬೇರೆ ಯಾರೂ ಬೇಡ ಎಂದು ಅಪ್ಪನ ಹಠ. ಬೆಳಿಗ್ಗೆ ಮುದ್ದೆಗೆ ಎಸರಿಟ್ಟು ಅವ್ವ ಬಾಗಿಲಿಗೆ ಒರಗಿ ನಿಂತಳು. ಅಪ್ಪ ಅಂಗಿ ಎತ್ತಿ ಕೂತ. ವರ್ಷಗಟ್ಟಲೆ ತಟ್ಟೆಗಳಿಗೆ ಇನ್ಸುಲಿನ್ ಹನಿಸಿದ್ದ ನಾನು ಸಿರಿಂಜಿನ ಗೆರೆಯನ್ನು ಮತ್ತೆ ಮತ್ತೆ ಬೆಳಕಿಗೆ ಹಿಡಿದು ನೋಡಿದೆ.

"ಯಾಕವ್ವ ನಿಂತ್ಕಂಡೆ?" ಎಂದ. "ಒಳಗೆ ಅಸ್ಕಂಡ್ ಕುಂತವ್ರೆ, ಬೇಗ ಓಗಿ ಕರಿ."

ಚುಚ್ಚಿದೆ.

ಗಾಯ ಮಾಯಲು ಆ ಬೆಳೆಯ ಕಾಲವೆಲ್ಲ ಹಿಡಿಯಿತು. ಬ್ಯಾರನ್ನು ಅವ್ವನ ಕೈಗೆ ಬಂತು. ಅವಳು ಕಿಂಡಿಯಿಂದ ಥರ್ಮಾಮೀಟರ್ ನೋಡಿ ಸೌದೆ ಹಾಕುವಳು, ಅಪ್ಪ ಮಂಚದ ಮೇಲಿನಿಂದಲೇ "ಜಾಸ್ತಿ ಆಯ್ತು, ಕಮ್ಮಿ ಆಯ್ತು" ಎಂದು ಕೂಗುವನು, ಅವಳು "ಬಾಯ್ಗೂ ಒಂದ್ ಥರ್ಮಾಮೀಟ್ರು ಇಡ್ತೀನಿ ನೋಡಿ" ಅನ್ನುವಳು. ನಾನು ಊರಿಗೆ ಹೋದಾಗಲೆಲ್ಲ ಆ ಜಗಳ ಕೇಳುತ್ತಾ ಜಗುಲಿಯ ಮೇಲೆ ಎಲೆ ಕಟ್ಟುತ್ತಿದ್ದೆ, ಕೈಗೆಲ್ಲ ಕಪ್ಪು ಅಂಟು. ಎಂಥ ಸುಖದ ಸಂಜೆಗಳು ಅವು! ಆಗ ಅದು ಸುಖ ಎಂದು ಯಾರಿಗೆ ಗೊತ್ತಿತ್ತು? ಮುಂದೆ ಅಪ್ಪನ ಮಾತು ಕೇಳಿ ಊರಿನಲ್ಲಿ ಇನ್ನೂ ಕೆಲವರು ಕಾಲು ಚೆನ್ನಾಗಿರುವಾಗಲೇ ಸೂಜಿಗೆ ಒಪ್ಪಿದರು. ಲಿಪಿಡ್ ಕೈನೇಸ್ ಎಂಬ ಹೆಸರು ಅವನ ಬಾಯಿಗೆ ಬರಲೇ ಇಲ್ಲ, "ಕರ್ಯೋನು" ಎಂದೇ ಹೇಳುತ್ತಿದ್ದ.

ಅಪ್ಪ ಹೋದದ್ದು ಎಷ್ಟೋ ವರ್ಷಗಳ ಮೇಲೆ, ಹೃದಯ ನಿಂತು. ಅಂಗಳದಲ್ಲಿ ಹಲಗೆಯ ಮೇಲೆ ಮಲಗಿಸಿ ಸ್ನಾನ ಮಾಡಿಸುವಾಗ ದೊಡ್ಡವರು ನನಗೆ ಕಾಲು ತೊಳೆಯಲು ಹೇಳಿದರು. ಬೆಚ್ಚನೆ ನೀರು ಹುಯ್ದು ಒಂದೊಂದು ಬೆರಳಿನ ಸಂದಿಯನ್ನೂ ಉಜ್ಜಿ ತೊಳೆದೆ. ಸ್ನಾನವಾದ ಮೇಲೆ ಕಾಲಿನ ಹೆಬ್ಬೆರಳು ಎರಡನ್ನೂ ಜೋಡಿಸಿ ದಾರ ಕಟ್ಟಬೇಕು, ಅದು ಪದ್ಧತಿ. ಚಿಕ್ಕಪ್ಪ ದಾರ ಹಿಡಿದು ಬಂದರು. ಅಪ್ಪನ ಎರಡು ಪಾದಗಳನ್ನೂ ಸೇರಿಸಿ ನಾನು ಹಿಡಿದುಕೊಟ್ಟೆ.